ಚನ್ನಗಿರಿಯ ಕಾಗದ ಸೌತಾಂಪ್ಟನ್ನಿನಲ್ಲಿ

"ಅಲ್ರೀ ಮೇಷ್ಟ್ರೇ, ಡಾಕ್ಟರೇಟು ಕೊಡೋರು ಶಂಕರಘಟ್ಟದೋರು, ಗೈಡೂ ಅಲ್ಲೇ ಅದಾರೆ. ಹಂಗಿದ್ಮೇಲೆ ನಮ್ಮ ಹುಡುಗಿ ಇಂಗ್ಲೆಂಡಿಗೆ ಯಾತಕ್ಕೆ ಹೋಗ್ಬೇಕು ಅಂತೀನಿ?"

ಪಕ್ಕದ ಮನೆಯ ಅಕ್ಕ ಇದನ್ನು ಕೇಳಿದ್ದು ಬೇಲಿಯ ದಾಸವಾಳದ ಸಂದಿಯಿಂದ. ಅವರ ಮೊಮ್ಮಗಳು ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ವರ್ಷಕ್ಕೆ ತುಸು ಕಡಿಮೆ ಅವಧಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಕೂತು ಹಳೆಯ ಕಾಗದಪತ್ರ ಓದಿ ಬರಲು ಅರ್ಜಿ ಹಾಕಿದ್ದಾಳೆ. ಅಪ್ಪ ಅಮ್ಮ ಹೂಂ ಅಂದಿದ್ದಾರೆ. ಆದರೆ ಆ ಮನೆಯಲ್ಲಿ ತೋಟದ ಖೇಣಿಯಿಂದ ಹಿಡಿದು ಮದುವೆಯ ಮಾತುಕತೆಯವರೆಗೆ ಕೊನೆಯ ಮಾತು ಅಕ್ಕನದೇ. ಅಕ್ಕನ ತವರು ಹೊನ್ನಾಳಿ, ಮಗಳನ್ನು ಕೊಟ್ಟಿರುವುದು ನ್ಯಾಮತಿಗೆ, ಸೊಸೆ ಬಂದಿರುವುದು ಜಗಳೂರಿನಿಂದ. ಈ ಮೂರೂ ಊರಿನ ಮಳೆ ಬೆಳೆ, ಸಾವು ನೋವು, ರೇಟು ಎಲ್ಲ ನನಗೆ ತಿಳಿಯುವುದು ಈ ಬೇಲಿಯ ಮೂಲಕ.

"ಅಕ್ಕಾ, ನಮ್ಮ ಚನ್ನಗಿರಿಯವನೇ ಒಬ್ಬನ ಕಥೆ ಅಲ್ಲಿ ಕಾಗದದಾಗೆ ಐತೆ. ಅದನ್ನ ಓದೋಕೆ ಹೋಗ್ತಾಳೆ" ಅಂದೆ.

"ಯಾರವನು?"

"ಧೋಂಡಿಯ ವಾಘ್."

ಹೆಸರು ಕೇಳಿದ್ದರು. ನಮ್ಮ ಊರಿನಲ್ಲಿ ಹೆಸರು ಕೇಳದವರಿಲ್ಲ, ಕಥೆ ಪೂರ್ತಿ ಗೊತ್ತಿರುವವರು ಕಡಿಮೆ. ಹಾಗಾಗಿ ಕೂತು ಹೇಳಿದೆ. ಚನ್ನಗಿರಿಯಲ್ಲಿ, ಪವಾರ ಮನೆತನದ ಮರಾಠಾ ಕುಟುಂಬದಲ್ಲಿ ಹುಟ್ಟಿದವನು. ಹೈದರಾಲಿಯ ಕುದುರೆ ಪಡೆ ಸೇರಿದ. ಟಿಪ್ಪುವಿಗೂ ಇಂಗ್ಲಿಷರಿಗೂ ಮೂರನೇ ಯುದ್ಧ ನಡೆದಾಗ ಪಡೆ ಬಿಟ್ಟು ಹೊರಬಿದ್ದು ಲಕ್ಷ್ಮೇಶ್ವರದ ಕಡೆ ತನ್ನದೇ ದಂಡು ಕಟ್ಟಿದ. 1794ರಲ್ಲಿ ಮತ್ತೆ ಟಿಪ್ಪುವಿನ ಬಳಿ ಬಂದವನು ಶ್ರೀರಂಗಪಟ್ಟಣದ ಸೆರೆಮನೆ ಸೇರಿದ. 1799ರ ಮೇ 4ರಂದು ಪಟ್ಟಣ ಬಿತ್ತು, ಸೆರೆಮನೆಯ ಬಾಗಿಲು ತೆರೆಯಿತು. ಕಾಲಿನ ಬೇಡಿ ಕಳಚಿದ ಆ ಮನುಷ್ಯ ನೇರ ನಮ್ಮ ಸೀಮೆಗೇ ಬಂದ. ಟಿಪ್ಪುವಿನ ಸೇನೆಯಿಂದ ಚದುರಿ, ಸಂಬಳವಿಲ್ಲದೆ ದಿಕ್ಕುಗೆಟ್ಟಿದ್ದ ಸವಾರರು ಅವನ ಹಿಂದೆ ಕೂಡಿದರು. ತನ್ನನ್ನು ತಾನು 'ಉಭಯಲೋಕಾಧೀಶ್ವರ' ಎಂದು ಕರೆದುಕೊಂಡ. ಆ ವರ್ಷದ ಆಗಸ್ಟಿನಲ್ಲಿ ಇಂಗ್ಲಿಷ್ ತುಕಡಿಗಳು ನಮ್ಮ ಕಡೆಯ ಕೋಟೆಗಳನ್ನು ಒಂದೊಂದಾಗಿ ಹಿಡಿದುಕೊಂಡು ಬಂದು, ಶಿಕಾರಿಪುರದ ಬಳಿ ಅವನನ್ನು ಹೊಡೆದು ಉತ್ತರಕ್ಕೆ ಓಡಿಸಿದವು. ಮರುವರ್ಷ ಇನ್ನೂ ದೊಡ್ಡ ದಂಡಿನೊಂದಿಗೆ ತಿರುಗಿಬಂದ.

ಅವನ ಬೆನ್ನು ಹತ್ತಿದ ಕರ್ನಲ್ ಹೆಸರು ಆರ್ಥರ್ ವೆಲ್ಲೆಸ್ಲಿ. 1800ರ ಜೂನಿನಲ್ಲಿ, ಮಳೆಗಾಲದ ಹೊಳೆಯನ್ನು ಹರಿಹರದ ಬಳಿ ದಾಟಿ, ರಾಣೆಬೆನ್ನೂರು ಹಿಡಿದು, ಡಂಬಳ ಹಿಡಿದು, ಮಲಪ್ರಭೆಯ ದಡದವರೆಗೆ ಅಟ್ಟಿಸಿಕೊಂಡು ಹೋದ. ಜಾವಾ ದ್ವೀಪದ ಡಚ್ಚರ ಮೇಲೆ ಹೋಗುವ ದಂಡಿನ ನಾಯಕತ್ವ ಕೊಡುತ್ತೇವೆಂದು ಕರೆ ಬಂದರೂ, ಧೋಂಡಿಯನನ್ನು ಮುಗಿಸದೆ ಕದಲುವುದಿಲ್ಲವೆಂದು ನಿಂತ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ಆ ಕರ್ನಲ್ಲೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ನೆಪೋಲಿಯನ್ನನಿಗಿಂತ 15 ವರ್ಷ ಮುಂಚೆ ಅವನನ್ನು ತಿಂಗಳುಗಟ್ಟಲೆ ಓಡಾಡಿಸಿದ್ದು ಚನ್ನಗಿರಿಯ ಮನುಷ್ಯ.

"ಹಂಗಾರೆ ಇವನು ಹೀರೋನೋ ಕಳ್ಳನೋ?" ಅಕ್ಕ ಕೇಳಿದರು.

ನೇರ ಪ್ರಶ್ನೆ. ಇಂಗ್ಲಿಷರು ಅವನನ್ನು ದರೋಡೆಕಾರ ಎಂದೇ ಬರೆದರು. ನಮ್ಮವರಲ್ಲಿ ಕೆಲವರು ಇಂಗ್ಲಿಷರ ವಿರುದ್ಧ ಎದ್ದ ಮೊದಲ ಬಂಡುಕೋರರಲ್ಲಿ ಒಬ್ಬ ಎಂದು ಪೂಜಿಸುತ್ತಾರೆ. ಎರಡಕ್ಕೂ ಆಧಾರ ಬೇಕಲ್ಲ? ಅವನ ದಂಡಿಗೆ ದವಸ ಕೊಟ್ಟವರು ಯಾರು, ಒಲಿದು ಕೊಟ್ಟರೋ ಹೆದರಿ ಕೊಟ್ಟರೋ, ಯಾವ ಪಾಳೆಯಗಾರ ಒಳಗಿಂದೊಳಗೆ ಸಹಾಯ ಮಾಡಿದ, ಯಾವ ಊರಿನ ಗೌಡ ಇಂಗ್ಲಿಷರಿಗೆ ಸುದ್ದಿ ಕೊಟ್ಟ - ಇವೆಲ್ಲ ಇರುವುದು ಆ ಕಾಲದ ಕಾಗದಗಳಲ್ಲಿ. ವೆಲ್ಲಿಂಗ್ಟನ್ನನ ಕಾಗದಗಳು, ಸುಮಾರು ಒಂದು ಲಕ್ಷ, 1983ರಿಂದ ಇರುವುದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಮತ್ತು ಅದರ ನಂತರದ ಬ್ರಿಟಿಷ್ ಆಡಳಿತದ ದಫ್ತರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 14 ಕಿಲೋಮೀಟರು. ವೆಲ್ಲಿಂಗ್ಟನ್ನನ ಪತ್ರಗಳು ಹತ್ತೊಂಬತ್ತನೇ ಶತಮಾನದಲ್ಲೇ ಪುಸ್ತಕವಾಗಿ ಅಚ್ಚಾಗಿವೆ, ನಿಜ. ಆದರೆ ಅಚ್ಚಾಗಿದ್ದು ಹೆಚ್ಚಾಗಿ ಅವನು ಬರೆದ ಪತ್ರಗಳು. ಅವನಿಗೆ ಬಂದ ಪತ್ರಗಳು, ಬೇಹಿನವರ ವರದಿಗಳು, ಲೆಕ್ಕದ ಚೀಟಿಗಳು, ಇವುಗಳಲ್ಲಿ ನಮ್ಮ ಜನ ಸಿಗುವ ಸಾಧ್ಯತೆ ಹೆಚ್ಚು. ಗೆದ್ದವನ ಕೈಬರಹದ ಪಕ್ಕದಲ್ಲೇ ಸೋತವನ ಊರು ಇರುತ್ತದೆ.

"ಅದೆಲ್ಲ ಫೋನಿನಾಗೆ ಬರಲ್ವಾ? ನನ್ನ ಮೊಮ್ಮಗ ಎಲ್ಲಾನೂ ಫೋನಿನಾಗೇ ತೋರಿಸ್ತಾನೆ."

ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎನ್ನುವ ಪಟ್ಟಿ ಫೋನಿನಲ್ಲಿ ಸಿಗುತ್ತದೆ. ಕಾಗದದ ಫೋಟೋ ಸಿಗುವುದು ಅದರಲ್ಲಿ ಸ್ವಲ್ಪಕ್ಕೆ ಮಾತ್ರ. ಅದಕ್ಕೂ ಭರವಸೆಯಿಲ್ಲ: 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ, ಅಲ್ಲಿಯವರೆಗೆ ಮನೆಯಲ್ಲೇ ಕೂತು ನೋಡುತ್ತಿದ್ದ ಹಸ್ತಪ್ರತಿಗಳು ತಿಂಗಳುಗಟ್ಟಲೆ ಕಾಣದಾದವು. ಇನ್ನೊಂದು ಮಾತೂ ಇದೆ. ಪಟ್ಟಿ ಮಾಡಿದವರು ಪೆಟ್ಟಿಗೆಯಲ್ಲಿ ಏನಿದೆಯೆಂದು ಒಂದು ಸಾಲು ಬರೆದಿರುತ್ತಾರೆ. ಆ ಸಾಲಿನಲ್ಲಿ ಹೊನ್ನಾಳಿ ಇರುವುದಿಲ್ಲ, ಸಂತೇಬೆನ್ನೂರು ಇರುವುದಿಲ್ಲ. ಒಂದೊಂದೇ ಹಾಳೆ ತಿರುವುತ್ತ ಹೋದಾಗ ಇನ್ನಾವುದೋ ವಿಷಯದ ಪತ್ರದ ನಡುವೆ ಥಟ್ಟನೆ ನಮ್ಮ ಊರು ಎದುರಾಗುತ್ತದೆ. ಹಾಗೆ ಎದುರಾಗಲು ದಿನಗಟ್ಟಲೆ ಕೂರಬೇಕು. ವಿಮಾನ ಹತ್ತಿ ಹೋಗುವುದು ಆ ಕೂರುವ ಕೆಲಸಕ್ಕೆ.

ಆ ಓದುಕೋಣೆಯ ಶಿಸ್ತನ್ನು ಹೇಳಿದಾಗ ಅಕ್ಕನಿಗೆ ಬಹಳ ಹಿಡಿಸಿತು. ಚೀಲ, ಕೋಟು ಎಲ್ಲ ಹೊರಗಿನ ಲಾಕರಿನಲ್ಲಿ. ಒಳಗೆ ಪೆನ್ನು ತರುವ ಹಾಗಿಲ್ಲ, ಬರೆದುಕೊಳ್ಳಲು ಸೀಸದ ಕಡ್ಡಿ ಮಾತ್ರ, ಶಾಯಿ ಕಾಗದಕ್ಕೆ ತಾಗಬಾರದೆಂದು. ಹಳೆಯ ಪುಸ್ತಕದ ಬೆನ್ನು ಮುರಿಯದಂತೆ ಸ್ಪಂಜಿನ ದಿಂಬು ಕೊಡುತ್ತಾರೆ. ಒಮ್ಮೆಗೆ ಒಂದೇ ಕಟ್ಟು ಮೇಜಿನ ಮೇಲೆ. "ಪಂಚಾಂಗಕ್ಕೂ ಅಷ್ಟು ಮರ್ಯಾದೆ ನಾವು ಕೊಡಲ್ಲ ಬಿಡ್ರಿ" ಅಂದರು. ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳ ಅಟ್ಟದ ಮೇಲೆ ಶಾನುಭೋಗರ ಕಡತಗಳು ಗೆದ್ದಲಿಗೆ ಹೋದವು ಎಂದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಇಂಗ್ಲಿಷರು ತಮ್ಮ ಆಳ್ವಿಕೆಗಾಗಿ ಕಾಗದ ಕಾದರು, ಒಪ್ಪೋಣ. ಕಾದದ್ದಂತೂ ಉಳಿದಿದೆ. ಅದನ್ನು ನಮ್ಮ ಕಣ್ಣಿನಿಂದ ಓದುವವರು ಇನ್ನೂ ಸಾಲದು.

ಇಲ್ಲಿ ದುಡ್ಡಿನ ಮಾತು ಬಂತು. ಅಡಿಕೆ ರೇಟು ಚೆನ್ನಾಗಿದ್ದ ವರ್ಷವಾದರೂ ಎಂಟೊಂಬತ್ತು ತಿಂಗಳು ಇಂಗ್ಲೆಂಡಿನಲ್ಲಿ ಇರಿಸುವ ಶಕ್ತಿ ಒಂದೆರಡು ಎಕರೆ ತೋಟಕ್ಕಿಲ್ಲ. ಅದಕ್ಕಾಗಿಯೇ ವಿದ್ಯಾರ್ಥಿವೇತನಗಳಿವೆ, ಮತ್ತು ಇವುಗಳ ಹೆಸರು ನಮ್ಮ ತಾಲ್ಲೂಕುಗಳ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಕಾಮನ್‌ವೆಲ್ತ್‌ನವರ 'ಸ್ಪ್ಲಿಟ್ ಸೈಟ್' ಎಂಬುದೊಂದಿದೆ: ಪದವಿ ನಿಮ್ಮ ವಿಶ್ವವಿದ್ಯಾಲಯದ್ದೇ, ನಡುವೆ ಹನ್ನೆರಡು ತಿಂಗಳವರೆಗೆ ಬ್ರಿಟನ್ನಿನಲ್ಲಿ ಕೆಲಸ, ಇಲ್ಲೊಬ್ಬರು ಅಲ್ಲೊಬ್ಬರು ಮಾರ್ಗದರ್ಶಕರು. ಅಮೆರಿಕಕ್ಕೆ ಹೋಗುವವರಿಗೆ ಫುಲ್‌ಬ್ರೈಟ್-ನೆಹರು, ಆರರಿಂದ ಒಂಬತ್ತು ತಿಂಗಳು. ಜರ್ಮನಿಗೆ ಡಾಡ್. ಫ್ರಾನ್ಸಿನ ಜೊತೆ ವಿಜ್ಞಾನದ ವಿದ್ಯಾರ್ಥಿಗಳಿಗೆ ನಮ್ಮ ಸಿ.ವಿ. ರಾಮನ್ನರ ಹೆಸರಿನದೇ ಒಂದಿದೆ, ರಾಮನ್-ಶಾರ್ಪಾಕ್ ಎಂದು. ಬ್ರಿಟನ್ನಿನಲ್ಲಿ ಇತಿಹಾಸ, ಕಲೆಯ ಕೆಲಸಕ್ಕೆ ಚಾರ್ಲ್ಸ್ ವ್ಯಾಲೇಸ್ ಟ್ರಸ್ಟಿನ ಸಣ್ಣ ಅನುದಾನಗಳಿವೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಅಲ್ಲೇ ಪೂರ್ತಿ ಓದಲು ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆ ಬೇರೆ. ಇವೆಲ್ಲ ಸುಲಭವಾಗಿ ಸಿಗುತ್ತವೆಂದು ಹೇಳಲಾರೆ. ಆದರೆ ಬೆಂಗಳೂರಿನ ಹುಡುಗಿ ಮೂರು ವರ್ಷ ಮುಂಚೆಯೇ ತಿಳಿದುಕೊಂಡಿರುವುದನ್ನು ನ್ಯಾಮತಿಯ ಹುಡುಗಿ ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಕೇಳುತ್ತಾಳೆ. ಪ್ರತಿಭೆಯಲ್ಲಿ ಸೋತಿದ್ದಲ್ಲ ಅದು, ಸುದ್ದಿ ತಲುಪದೆ ಸೋತಿದ್ದು. ನಮ್ಮ ಪದವಿ ಕಾಲೇಜುಗಳ ಸೂಚನಾ ಫಲಕದ ಮೇಲೆ ಈ ಹೆಸರುಗಳು ಮೊದಲ ವರ್ಷದಿಂದಲೇ ಇರಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

"ಅದೆಲ್ಲ ಸರಿ. ನಮ್ಮ ಹಿರೇಕೋಗಲೂರಿನ ಚಿದಾನಂದಮೂರ್ತಿಗಳು ಅಷ್ಟು ದೊಡ್ಡೋರಾದ್ರಲ್ಲ, ಪಿಎಚ್‌.ಡಿ.ಗೆ ಇಂಗ್ಲೆಂಡಿಗೆ ಹೋಗಿದ್ರಾ?"

ಅಕ್ಕ ಬಿಡುವವರಲ್ಲ. ಎಂ. ಚಿದಾನಂದಮೂರ್ತಿ ನಮ್ಮ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ 1931ರಲ್ಲಿ ಹುಟ್ಟಿದವರು. ತೀ.ನಂ.ಶ್ರೀ. ಅವರ ಮಾರ್ಗದರ್ಶನದಲ್ಲಿ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಬರೆದು 1964ರಲ್ಲಿ ಡಾಕ್ಟರೇಟ್ ಪಡೆದರು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳಲ್ಲಿ ಜನ ಹೇಗೆ ಬದುಕಿದರು, ಏನು ದಾನ ಮಾಡಿದರು, ಯಾತಕ್ಕೆ ಸತ್ತರು ಎಂದು ಹುಡುಕಿದ ಪ್ರಬಂಧ ಅದು. ಅವರ ಸಾಮಗ್ರಿ ಕಲ್ಲು, ಆ ಕಲ್ಲು ನಿಂತಿದ್ದು ನಮ್ಮ ಕೆರೆ ಏರಿಯ ಮೇಲೆ, ನಮ್ಮ ದೇವಸ್ಥಾನದ ಮುಂದೆ. ಧೋಂಡಿಯನ ಸಾಮಗ್ರಿ ಸೌತಾಂಪ್ಟನ್ನಿನ ಪೆಟ್ಟಿಗೆಯಲ್ಲಿದೆ. ಸಾಮಗ್ರಿ ಎಲ್ಲಿದೆಯೋ ಅಲ್ಲಿಗೆ ಸಂಶೋಧಕ ಹೋಗಬೇಕು. ಹಿರೇಕೋಗಲೂರಿನಿಂದ ಹೊರಟವರು ಕಲ್ಲು ಹುಡುಕಿ ಕಾಡುಮೇಡು ಅಲೆದರೆ, ನಿಮ್ಮ ಮೊಮ್ಮಗಳು ಕಾಗದ ಹುಡುಕಿ ಕಡಲು ದಾಟುತ್ತಾಳೆ ಎಂದೆ. ಆದರೆ ಒಂದು ಮಾತು ಸೇರಿಸಿದೆ: ಹೋಗುವ ಮುಂಚೆ ಅವಳು ಬಿ.ಎಲ್. ರೈಸ್ ತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟ ಓದಲೇಬೇಕು. 1902ರದು. ಚನ್ನಗಿರಿ, ಹೊನ್ನಾಳಿ ತಾಲ್ಲೂಕಿನ ಶಾಸನಗಳು ಅದರಲ್ಲಿವೆ, ಆಗ ನ್ಯಾಮತಿ ಹೊನ್ನಾಳಿಯೊಳಗೇ ಇತ್ತು. ಜಗಳೂರಿನವು ಹನ್ನೊಂದನೆಯದರಲ್ಲಿವೆ. ನಮ್ಮ ಕೋಟೆ, ಕೆರೆ, ಘಟ್ಟದ ದಾರಿ, ಹೊಳೆ ದಾಟುವ ಜಾಗಗಳನ್ನು ತಿಳಿಯದೆ ಇಂಗ್ಲಿಷ್ ಕ್ಯಾಪ್ಟನ್ನನ ವರದಿ ಓದಿದರೆ, ಅವನು ಹೇಳಿದ್ದನ್ನೇ ನಂಬಿಕೊಂಡು ಬರಬೇಕಾಗುತ್ತದೆ. ಹೊನ್ನಾಳಿಯ ಹೊಳೆ ಆಗಸ್ಟಿನಲ್ಲಿ ಹೇಗಿರುತ್ತದೆಂದು ನೋಡಿದವಳಿಗೆ ಮಾತ್ರ ಆ ವರದಿಯಲ್ಲಿ ಯಾವುದು ನಡೆದೀತು, ಯಾವುದು ಬಡಾಯಿ ಎಂದು ಗೊತ್ತಾಗುತ್ತದೆ.

ಹೊಳೆಯ ಮಾತು ಬಂದಾಗ ನನಗೆ ಯು.ಆರ್. ಅನಂತಮೂರ್ತಿ ನೆನಪಾಗುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ತೀರ್ಥಹಳ್ಳಿಯ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಅಕ್ಕನ ತವರಿನ ಮುಂದೆಯೇ ಹರಿದು ಹೋಗುತ್ತಾಳೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ಚನ್ನಗಿರಿ, ಹೊನ್ನಾಳಿ, ತೀರ್ಥಹಳ್ಳಿ ಎಲ್ಲ ಒಂದೇ ಶಿವಮೊಗ್ಗ ಜಿಲ್ಲೆ ಕೂಡ. ಅವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್‌.ಡಿ. ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಅಲ್ಲಿ ಅವರ ಅಧ್ಯಾಪಕರು ಮಾಲ್ಕಮ್ ಬ್ರಾಡ್‌ಬರಿ, ಸ್ವತಃ ಕಾದಂಬರಿಕಾರರು. ಒಂದು ಸಂಜೆ ಇಬ್ಬರೂ ಸೇರಿ ಬರ್ಗ್‌ಮನ್ ಎಂಬ ಸ್ವೀಡನ್ನಿನವರ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಕೆಳಗೆ ಇಂಗ್ಲಿಷ್ ಸಾಲುಗಳೂ ಇರಲಿಲ್ಲ. ಪ್ಲೇಗು ಹಬ್ಬಿದ ನಾಡಿನಲ್ಲಿ ದೇವರನ್ನೂ ಸಾವನ್ನೂ ಎದುರಿಸುವ ಒಬ್ಬ ಯೋಧನ ಕಥೆ. ಮಾತು ಅರ್ಥವಾಗದಿದ್ದರೂ ಅನಂತಮೂರ್ತಿಯವರಿಗೆ ಅದು ತಾವು ಬಾಲ್ಯದಲ್ಲಿ ಕಂಡ ಲೋಕದಂತೆಯೇ ಕಾಣಿಸಿತು. ಯುರೋಪಿನವರು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕಾದ ಆ ಮಧ್ಯಯುಗ ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತ ಇದೆ ಎಂದು ಅಧ್ಯಾಪಕರಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಿರಿ ಎಂದರು ಅವರು. ಬರೆದದ್ದು 'ಸಂಸ್ಕಾರ'. 1965. ಪ್ಲೇಗಿನ ನಡುವೆ ಅಗ್ರಹಾರದಲ್ಲಿ ಬಿದ್ದಿರುವ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ.

"ಸಿನಿಮಾ ನೋಡೀನಿ" ಎಂದರು ಅಕ್ಕ. "ಅದನ್ನ ಅಲ್ಲಿ ಕೂತ್ಕೊಂಡು ಬರೆದ್ರಾ?"

ಹೌದು, ಅಲ್ಲಿ ಕೂತುಕೊಂಡು. ಹಗಲು ಇಂಗ್ಲಿಷರ ಕಾದಂಬರಿಗಳ ಮೇಲೆ ಪ್ರಬಂಧ, ಅದರ ಜೊತೆಗೆ ಕನ್ನಡದಲ್ಲಿ ದೂರ್ವಾಸಪುರ. 1966ರಲ್ಲಿ ಡಾಕ್ಟರೇಟೂ ಆಯಿತು. ಆ ಪ್ರಬಂಧವನ್ನು ಈಗ ನೆನೆಯುವವರು ವಿದ್ವಾಂಸರಷ್ಟೇ. 'ಸಂಸ್ಕಾರ' ಗೊತ್ತಿಲ್ಲದ ಕನ್ನಡಿಗ ಓದುಗನಿಲ್ಲ. ಮಲೆನಾಡಿನಿಂದ ಸುಮಾರು ಎಂಟು ಸಾವಿರ ಕಿಲೋಮೀಟರು ದೂರ ಹೋದ ಮೇಲೆ ಮಲೆನಾಡು ಅವರಿಗೆ ಪೂರ್ತಿ ಕಂಡಿತು. ದೂರದ ವಾಸ ಮಾಡಿಸುವ ಕೆಲಸ ಇದು, ಆದರೆ ಕಾಣಲು ಒಳಗೆ ಮೇಳಿಗೆ ಇರಬೇಕಿತ್ತು. ಅದೇ ಕಾಲದ ಎ.ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಡಾಕ್ಟರೇಟ್ ಪಡೆದರು, ಅವರ ಪ್ರಬಂಧವೇ ಕನ್ನಡ ವ್ಯಾಕರಣದ ಮೇಲೆ.

ಎಂ.ಎನ್. ಶ್ರೀನಿವಾಸರ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಮೈಸೂರಿನವರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಕೊಡವರ ಬಗ್ಗೆ ತಾವು ಮೊದಲೇ ಕೂಡಿಹಾಕಿದ್ದ ಸಾಮಗ್ರಿಯನ್ನು ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಆಮೇಲೆ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ನೋಡಿ ಪ್ರಬಂಧ ಬರೆದರು. ಆಮೇಲೆ ಆಕ್ಸ್‌ಫರ್ಡ್ ಅವರಿಗೆ ಕೆಲಸ ಕೊಟ್ಟು, ಮೊದಲ ವರ್ಷ ಹಳ್ಳಿಯಲ್ಲಿ ಇದ್ದು ಬಾ ಎಂದು ಕಳಿಸಿತು. 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಗೆ ಬಂದರು. ಊರಿನ ಹೆಸರು ಮರೆಸಿ 'ರಾಂಪುರ' ಎಂದು ಬರೆದರು. ಟಿಪ್ಪಣಿ ಮಾಡಿ, ತಿದ್ದಿ, ವಿಂಗಡಿಸಿ ಮೂರು ಪ್ರತಿ ಸಿದ್ಧಮಾಡಿಕೊಂಡು, ಪುಸ್ತಕ ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿ ಕೂತರು. 1970ರ ಏಪ್ರಿಲ್ 24ರಂದು ಅಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಮೂರೂ ಪ್ರತಿ ಸುಟ್ಟುಹೋದವು.

"ಅಯ್ಯೋ ಶಿವನೇ. ಇಪ್ಪತ್ತು ವರ್ಷದ್ದು!"

ಹೌದು. ನೆನಪಿನಿಂದಲೇ ಬರೆಯಿರಿ ಎಂದು ಸ್ನೇಹಿತರೊಬ್ಬರು ಧೈರ್ಯ ಹೇಳಿದರು. ಬರೆದರು. 'ದಿ ರಿಮೆಂಬರ್ಡ್ ವಿಲೇಜ್', 1976. ಬೆಂಕಿ ಬೀಳದಿದ್ದರೆ ಕೋಷ್ಟಕಗಳಿಂದ ತುಂಬಿ ಹೋಗಬಹುದಾಗಿದ್ದ ಪುಸ್ತಕದಲ್ಲಿ ಊರ ಗೌಡ, ಅವನ ಸಿಟ್ಟು, ಹೊಲದ ಜಗಳ, ಮನೆ ಮುಂದಿನ ಜಗುಲಿ ಎಲ್ಲ ಉಸಿರಾಡುತ್ತವೆ. ಈ ಕಥೆಯನ್ನು ನಾನು ಅಕ್ಕನಿಗೆ ಹೇಳಿದ್ದಕ್ಕೆ ಎರಡು ಕಾರಣ. ಒಂದು ಸಣ್ಣದು: ತೆಗೆದ ಫೋಟೋ, ಬರೆದ ಟಿಪ್ಪಣಿ ದಿನಾ ರಾತ್ರಿ ಒಂದು ಪ್ರತಿ ಊರಿಗೆ ಕಳಿಸಬೇಕು, ಎಲ್ಲವನ್ನೂ ಒಂದೇ ಕಡೆ ಇಡಬಾರದು. ಇನ್ನೊಂದು ದೊಡ್ಡದು: ಟಿಪ್ಪಣಿ ಸುಟ್ಟ ಮೇಲೂ ಪುಸ್ತಕ ಬಂದಿದ್ದು, ಆ ಮನುಷ್ಯ ಹಳ್ಳಿಯಲ್ಲಿ ನಿಜವಾಗಿ ಬದುಕಿದ್ದರಿಂದ.

"ನಮ್ಮೋರೇ ಅಲ್ಲಿಗೆ ಹೋಗೋದೋ, ಅಲ್ಲಿಯೋರೂ ಇಲ್ಲಿಗೆ ಬರ್ತಾರೋ?"

ಬಂದಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಂಗಸು ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ನಾಝಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರಿನಲ್ಲಿ ಪಿಎಚ್‌.ಡಿ. ಮಾಡುತ್ತ 1954ರಲ್ಲಿ ನಮ್ಮ ಮಂಡ್ಯಕ್ಕೆ ಬಂದು ಎರಡು ಹಳ್ಳಿಗಳಲ್ಲಿ ಇದ್ದರು. ಪುಸ್ತಕದಲ್ಲಿ ಅವುಗಳ ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ, ಸುತ್ತಲೂ ಹಸಿರಾದರೂ ಅದು ಒಣ ಊರಾಗಿಯೇ ಉಳಿಯಿತು. ನೀರು ಬಂದ ಊರು ಬದಲಾಗುತ್ತದೆ, ಬರದ ಊರು ಹಾಗೇ ಇರುತ್ತದೆ ಎಂದು ಯಾರಾದರೂ ಎಣಿಸುತ್ತಾರೆ. ಆಕೆ ಕಂಡದ್ದು ತಲೆಕೆಳಗು. ವಂಗಲದವರು ಕಬ್ಬು ಬೆಳೆದು ದುಡ್ಡು ಕಂಡರು, ಆದರೆ ಹಳೆಯ ಕಟ್ಟು, ಹಳೆಯ ಯಜಮಾನಿಕೆ, ಯಾರು ಯಾರ ಮನೆಯಲ್ಲಿ ದುಡಿಯಬೇಕು ಎಂಬ ಪದ್ಧತಿ ಹಾಗೇ ಗಟ್ಟಿಯಾಯಿತು. ದಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರ ಮಾಡಿದರು, ಬೇರೆ ಊರಿನಲ್ಲಿ ಗದ್ದೆ ಕೊಂಡರು. ಅವರ ಊರೊಳಗಿನ ಸಂಬಂಧಗಳೇ ಬದಲಾದವು. 1962ರಲ್ಲಿ ಬಂದ ಆ ಪುಸ್ತಕವನ್ನು ಓದಿದವರಿಗೆ ನಮ್ಮ ಜಿಲ್ಲೆ ಬೇರೆಯೇ ಕಾಣುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಜಗಳೂರಿನ ಸೊಸೆ ಕೈ ಒರೆಸಿಕೊಳ್ಳುತ್ತ ಬೇಲಿ ಹತ್ತಿರ ಬಂದು ನಿಂತಿದ್ದರು. "ಇದು ನಮ್ಮೂರಿಂದು, ನಿಮ್ಮೂರಿಂದು ಕಥೆ ಅಲ್ವಾ ಸಾರ್" ಎಂದರು. ನಾನು ಹೇಳಬೇಕೆಂದಿದ್ದನ್ನೇ ಅವರು ಹೇಳಿದರು. ಚನ್ನಗಿರಿ, ಹೊನ್ನಾಳಿಗೆ ಭದ್ರಾ ನಾಲೆ ಇದೆ, ತೋಟ ಇದೆ, ಗದ್ದೆ ಇದೆ. ಅದೇ ಜಿಲ್ಲೆಯ ಜಗಳೂರು ಬರದ ನೆಲ, ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ತಾಲ್ಲೂಕು. "ನಮ್ಮಪ್ಪ ಮಳೆ ನಂಬಲಿಲ್ಲ ಸಾರ್, ಅದಕ್ಕೇ ನಮ್ಮನ್ನೆಲ್ಲ ಓದಿಸಿದ್ರು" ಎಂದರು ಆಕೆ. ಆ ಮನೆಯ ಎಲ್ಲ ಮಕ್ಕಳೂ ಸಂಬಳದ ಕೆಲಸದಲ್ಲಿದ್ದಾರೆ. ಚನ್ನಗಿರಿಯ ಕಡೆ ತೋಟವಿದ್ದ ಎಷ್ಟೋ ಹುಡುಗರು ತೋಟ ಇದೆಯಲ್ಲ ಎಂದು ಪಿಯುಸಿಗೆ ನಿಲ್ಲಿಸಿದರು. ನಾಲೆ ಬಂದ ಊರು, ಬಾರದ ಊರು ಎಂದು ಎರಡು ಹಳ್ಳಿ ಆರಿಸಿಕೊಂಡು ಈಗ ಯಾರಾದರೂ ಕೂತರೆ ಎಂಥ ಪುಸ್ತಕವಾದೀತು! ಆ ಪುಸ್ತಕಕ್ಕೆ ವಿಯೆನ್ನಾದವರು ಬರಬೇಕಾಗಿಲ್ಲ, ಜಗಳೂರಿನವರು ಮ್ಯಾಂಚೆಸ್ಟರಿಗೆ ಹೋಗಿ ವಿಧಾನ ಕಲಿತು ಬಂದರೂ ಆದೀತು.

ವಿಜ್ಞಾನದವರ ದಾರಿ ಸ್ವಲ್ಪ ಬೇರೆ. ಭೂವಿಜ್ಞಾನ ಓದಿದವರಿಗೆ 'ಹೊನ್ನಾಳಿ ಡೋಮ್' ಎಂದರೆ ಗೊತ್ತು, ನಮ್ಮ ಹೊನ್ನಾಳಿಯ ನೆಲದಡಿಯ ಆ ಕಲ್ಲಿಗೆ 250 ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಜಿರ್ಕಾನ್ ಎಂಬ ಸಣ್ಣ ಹರಳಿನೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ಕಲ್ಲಿನ ವಯಸ್ಸು ಹೇಳುತ್ತಾರೆ. ಅದನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಯಂತ್ರಗಳು ಜಗತ್ತಿನಲ್ಲೇ ಹೆಚ್ಚಿಲ್ಲ, ಹಾಗಾಗಿ ಕಲ್ಲು ಹಿಡಿದುಕೊಂಡು ಯಂತ್ರವಿರುವಲ್ಲಿಗೆ ಹೋಗುತ್ತಾರೆ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಇದೆ, ನಾಲ್ಕು ಕೊಂಬಿನ ಪುಟ್ಟ ಪ್ರಾಣಿ. 2011ರಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಆಯಿತು. ಅದರ ಹಿಕ್ಕೆ, ಕೂದಲು ಪೆಟ್ಟಿಗೆಗೆ ತುಂಬಿ ವಿಮಾನ ಹತ್ತುವ ಹಾಗಿಲ್ಲ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಕಾಗದ ಓದುವವಳ ಪೆಟ್ಟಿಗೆ ಅಷ್ಟರಮಟ್ಟಿಗೆ ಹಗುರ.

ಇಷ್ಟಾದ ಮೇಲೆ ಅಕ್ಕ ತಮ್ಮ ಮನಸ್ಸಿನ ಮಾತಿಗೆ ಬಂದರು. ಹುಡುಗಿಗೆ ಇಪ್ಪತ್ತೇಳು ನಡೆಯುತ್ತಿದೆ. ನ್ಯಾಮತಿಯ ಮಗಳು ಒಂದು ಸಂಬಂಧ ಹೇಳಿದ್ದಾಳೆ. ಹೋಗಿ ಬರುವಷ್ಟರಲ್ಲಿ ಕೈತಪ್ಪುತ್ತದೆ ಎಂಬ ಭಯ. ಇದನ್ನು ಹಗುರವಾಗಿ ತಳ್ಳಿಹಾಕುವವನಲ್ಲ ನಾನು. ಒಂದು ಮನೆಯ ಹಿರಿಯರಿಗೆ ಇದು ನಿಜವಾದ ಚಿಂತೆ. ಆದರೂ ನನಗನಿಸಿದ್ದನ್ನು ಬಿಚ್ಚಿ ಹೇಳಿದೆ. ಅಕ್ಕ ಓದಿದ್ದು ನಾಲ್ಕನೇ ತರಗತಿಯವರೆಗೆ. ಸೊಸೆ ಪದವೀಧರೆ. ಮೊಮ್ಮಗಳು ಮೂರನೇ ಮೆಟ್ಟಿಲಿನಲ್ಲಿ ನಿಂತಿದ್ದಾಳೆ, ಮತ್ತು ಈ ಮೆಟ್ಟಿಲು ಮತ್ತೆ ಸಿಗುವುದಿಲ್ಲ. ಯುಜಿಸಿಯ ನಿಯಮದಂತೆ ಪಿಎಚ್‌.ಡಿ.ಗೆ ಕಡಿಮೆಯೆಂದರೆ ಮೂರು ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ ಆರು. ಅವಳಿಗೆ ಈಗ ನಡುಘಟ್ಟ. ಕಾಗದ ಓದುವ ಕಾಲ ಇದೇ. ಬರೆಯಲು ಕೂತ ಮೇಲೆ ಹೋಗಿ ಪ್ರಯೋಜನವಿಲ್ಲ. ವರನ ಕಡೆಯವರು ಒಳ್ಳೆಯವರಾದರೆ ಒಂಬತ್ತು ತಿಂಗಳು ಕಾಯುತ್ತಾರೆ, ಕಾಯದವರ ಮನೆಗೆ ಈ ಹುಡುಗಿಯನ್ನು ಕೊಡುವುದೇ ಬೇಡ.

ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಊಟದ ವಿಚಾರ, ಚಳಿಯ ವಿಚಾರ ಕೇಳಿದರು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಆ ಕತ್ತಲೆ ಒಂಟಿಯಾಗಿರುವವರ ಮನಸ್ಸಿನ ಮೇಲೆ ಕೂರುತ್ತದೆ ಎಂದು ಮರೆಮಾಚದೆ ಹೇಳಿದೆ. ಚಳಿಗಾಲದಲ್ಲಿ ನಮಗೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ, ಅವಳು ಓದುಕೋಣೆಯಿಂದ ಐದಕ್ಕೆ ಹೊರಬಂದರೆ ಇಲ್ಲಿ ಹತ್ತೂವರೆ, ಅಕ್ಕ ಮಲಗಿರುತ್ತಾರೆ. ಹಾಗಾಗಿ ಅವಳು ಬೆಳಿಗ್ಗೆ ಎದ್ದ ತಕ್ಷಣ ಮಾತಾಡಬೇಕು, ಆಗ ಇಲ್ಲಿ ಮಧ್ಯಾಹ್ನದ ಊಟದ ಹೊತ್ತು. "ದಿನಾ ಮಾಡ್ಬೇಕು, ಎರಡು ನಿಮಿಷ ಆದ್ರೂ ಸೈ" ಎಂದರು. ಸೌತಾಂಪ್ಟನ್ ಎಂಥ ಊರು ಎಂದಾಗ, ಬಂದರಿನ ಊರು, 1912ರಲ್ಲಿ ಟೈಟಾನಿಕ್ ಹಡಗು ಹೊರಟಿದ್ದು ಅಲ್ಲಿಂದಲೇ ಎಂದೆ. ಹೇಳಬಾರದಿತ್ತೇನೋ, ಅಕ್ಕ ಆ ಸಿನಿಮಾನೂ ನೋಡಿದ್ದರು.

ಹೊರಡುವ ಮುಂಚೆ ಅವಳಿಂದ ಒಂದು ಮಾತು ತೆಗೆದುಕೊಳ್ಳಿ ಅಕ್ಕಾ ಎಂದೆ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೂ, ಧೋಂಡಿಯನ ಕಥೆ ಕನ್ನಡದಲ್ಲಿ ಪುಸ್ತಕವಾಗಬೇಕು. ಅಲ್ಲಿ ತೆಗೆದ ಪ್ರತಿಗಳ ಪಟ್ಟಿ, ಯಾವ ಪೆಟ್ಟಿಗೆಯಲ್ಲಿ ಯಾವ ಊರಿನ ಹೆಸರಿದೆ ಎಂಬ ಲೆಕ್ಕ, ಚನ್ನಗಿರಿಯ ಗ್ರಂಥಾಲಯದಲ್ಲಿ ಒಂದು, ಹೊನ್ನಾಳಿಯಲ್ಲಿ ಒಂದು ಇರಬೇಕು. ಮುಂದಿನ ಹುಡುಗ ಹುಡುಗಿ ಮೊದಲಿನಿಂದ ಶುರುಮಾಡುವಂತಾಗಬಾರದು. ಕಂಪನಿಯ ಸರ್ವೇ ಅಧಿಕಾರಿ ಕೋಲಿನ್ ಮೆಕೆಂಝಿ ಇನ್ನೂರು ವರ್ಷದ ಹಿಂದೆ ನಮ್ಮ ಊರೂರಿನ ಕೈಫಿಯತ್ತು, ಅಂದರೆ ಊರಿನ ಕಥನ, ಬರೆಸಿ ತೆಗೆದುಕೊಂಡು ಹೋದ, ಅವನ ಸಂಗ್ರಹ ಚೆನ್ನೈ, ಲಂಡನ್ ಎಂದು ಹಂಚಿಹೋಯಿತು. ಅದರಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ತಂದ ಮೇಲೆ ತಾನೇ ನಮ್ಮ ಹೈಸ್ಕೂಲು ಮೇಷ್ಟ್ರುಗಳ ಕೈಗೂ ಅವು ಸಿಕ್ಕಿದ್ದು?

"ಮೇಷ್ಟ್ರೇ, ಅವನಿಗೆ ಹೆಂಡ್ತಿ ಮಕ್ಕಳು ಇರಲಿಲ್ವಾ?" ಅಕ್ಕ ಇದ್ದಕ್ಕಿದ್ದಂತೆ ಕೇಳಿದರು.

ಒಬ್ಬ ಹುಡುಗ ಇದ್ದ. ಧೋಂಡಿಯ ಸತ್ತ ದಿನ ಅವನ ಪಾಳೆಯದ ಸಾಮಾನಿನ ನಡುವೆ ಸಿಕ್ಕ ಸಣ್ಣ ಮಗು, ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ. 1805ರಲ್ಲಿ ದೇಶ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ಸತ್ತ.

"ಅವನ ತಾಯಿ?"

ನಾನು ಹೇಳಿದೆ, ಅದನ್ನು ಬರೆದುಕೊಂಡು ಹೋಗಲಿ, ಅಲ್ಲಿನ ಪೆಟ್ಟಿಗೆ ತೆರೆದಾಗಲೆಲ್ಲ ಅದನ್ನೂ ಹುಡುಕಲಿ. ಎಷ್ಟೋ ಗಂಡಸರು ಆ ದಂಡಯಾತ್ರೆಯ ಬಗ್ಗೆ ಬರೆದಿದ್ದಾರೆ, ತೋಪು ಎಷ್ಟು, ಕುದುರೆ ಎಷ್ಟು ಎಂದು. ಮಗುವನ್ನು ಕಂಡವರು ತಾಯಿಯನ್ನು ಕೇಳಿಕೊಂಡು ಹೋಗಲಿಲ್ಲ. ಅಕ್ಕ ಕೇಳಿದರು. ಇಂಥ ಒಂದು ಪ್ರಶ್ನೆ ಕೈಯಲ್ಲಿದ್ದರೆ ಆ ಹುಡುಗಿಯ ಒಂಬತ್ತು ತಿಂಗಳು ಹಾಳಾಗುವುದಿಲ್ಲ.

ಸೊಸೆ ವೀಸಾದ ಕಾಗದಗಳ ಬಗ್ಗೆ ಹೇಳತೊಡಗಿದರು. ಆರು ತಿಂಗಳಿಗಿಂತ ಹೆಚ್ಚು ಇರುವವರು ಟಿ.ಬಿ. ಇಲ್ಲವೆಂದು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ಕೊಡಬೇಕಂತೆ, ಅದಕ್ಕೆ ಬೆಂಗಳೂರಿಗೇ ಹೋಗಬೇಕಂತೆ, ತೋಟದ ಕೆಲಸದ ನಡುವೆ ಗಂಡ ಯಾವತ್ತು ಬಿಡುವು ಮಾಡಿಕೊಳ್ಳುತ್ತಾರೋ ಎಂದು.

"ಅವನು ಯಾಕೆ? ಅವನು ಅಡಿಕೆ ಕೊಯ್ಲು ನೋಡ್ಕಳ್ಳಲಿ" ಎಂದರು ಅಕ್ಕ. "ನಾನು ಹೋಗ್ತೀನಿ ಹುಡುಗಿ ಜೊತೆ. ಯಾವತ್ತು ಅಂತ ಫೋನ್ ಮಾಡಿ ಕೇಳವ್ವ ಅವಳ್ನ."